ಜಿಂಕೆಗೆ ಮೇವಿನ ತಾಕು: ಪಿಎಚ್ 5.4, ಕಾಲು ಎಕರೆ, ಈ ಸಲ ಏನು ಬಿತ್ತೋದು?

ಹೊಲದ_ಬದು:
ಎಲ್ಲರಿಗೂ ನಮಸ್ಕಾರ. ಅಮೆರಿಕದ ಮಿಶಿಗನ್ ರಾಜ್ಯ, ಲೋವರ್ ಪೆನಿನ್ಸುಲಾದ ಉತ್ತರ ಭಾಗದಲ್ಲಿ ಹನ್ನೆರಡು ಎಕರೆ ಜಾಗ. ಓಕ್, ಮೇಪಲ್ ಕಾಡೇ ಹೆಚ್ಚು. ನಡುವೆ ಕಾಲು ಎಕರೆ, ನಮ್ಮೂರ ಲೆಕ್ಕದಲ್ಲಿ ಹತ್ತು ಗುಂಟೆ, ಬಯಲಿದೆ. ಅಲ್ಲಿ ವೈಟ್‌ಟೇಲ್ (ಬಿಳಿ ಬಾಲದ ಜಿಂಕೆ) ಶಿಕಾರಿಗೆ ಮೇವಿನ ತಾಕು ಮಾಡಬೇಕು.

ಹೋದ ಆಗಸ್ಟಲ್ಲಿ ಟರ್ನಿಪ್, ರೇಪ್ (ಸಾಸಿವೆ ಜಾತಿಯ ಮೇವಿನ ಸೊಪ್ಪು), ಮೂಲಂಗಿ ಮಿಶ್ರಣದ 5 ಪೌಂಡ್ ಚೀಲ ಪೂರ್ತಿ ಎರಚಿದ್ದು. ಹುಟ್ಟಿದ್ದು ಚಾಪೆ ಹಾಸಿದ ಹಾಗೆ. ನಾಲ್ಕು ಇಂಚಿಗೆ ಬೆಳವಣಿಗೆ ನಿಂತು ಎಲೆ ಹಳದಿ ಆಯ್ತು, ಗೆಡ್ಡೆ ಕಟ್ಟಲೇ ಇಲ್ಲ. ಈಗ ಮಣ್ಣು ಪರೀಕ್ಷೆ ವರದಿ ಬಂದಿದೆ: ಮರಳು ಮಿಶ್ರಿತ ಗೋಡು ಮಣ್ಣು, ಪಿಎಚ್ 5.4 (ಅಂದ್ರೆ ಹುಳಿ ಮಣ್ಣು), ಎಕರೆಗೆ 2 ಟನ್ ಸುಣ್ಣ ಹಾಕಿ ಅಂತಿದೆ. ಏಪ್ರಿಲಲ್ಲಿ 40 ಪೌಂಡಿನ 4 ಚೀಲ ಪೆಲೆಟ್ ಸುಣ್ಣ ಹಾಕಿ ಆಗಿದೆ.

ಪ್ರಶ್ನೆ ಮೂರು. ಈಗ ಜುಲೈ ಮಧ್ಯ, ಅದೇ ಮಿಶ್ರಣ ಮತ್ತೆ ಹಾಕೋದಾ? ಇಲ್ಲಿ ಬೀಜದ ಅಂಗಡಿಯಲ್ಲಿ ಜಿಂಕೆಗೆ ಅಂತ ಮಾರೋ ಲ್ಯಾಬ್‌ಲ್ಯಾಬ್ ನಮ್ಮ ಅವರೆನೇ ಅಲ್ವಾ, ಅದು ಆಗುತ್ತಾ? ಕೂತು ಕಾಯೋ ಅಟ್ಟಣೆ ಯಾವ ದಿಕ್ಕಿಗೆ?

ಸುಣ್ಣದಗೂಡು:
ಬೀಜದ ಮಾತು ಆಮೇಲೆ. ನಿಮ್ಮ ಸುಣ್ಣದ ಲೆಕ್ಕವೇ ತಪ್ಪಿದೆ. ಎಕರೆಗೆ 2 ಟನ್ ಅಂದ್ರೆ 4000 ಪೌಂಡ್. ಕಾಲು ಎಕರೆಗೆ 1000 ಪೌಂಡ್. 40 ಪೌಂಡಿನ ಚೀಲ 25 ಬೇಕು. ನೀವು ಹಾಕಿದ್ದು 4. ಬೇಕಾದ್ದರಲ್ಲಿ ಆರನೇ ಒಂದು ಪಾಲೂ ಆಗಲಿಲ್ಲ.

ಓಕ್‌ಮರ:
ಪೆಲೆಟ್ ಸುಣ್ಣ ಆದ್ರೆ ಹತ್ತರಲ್ಲೊಂದು ಪಾಲು ಸಾಕು ಅಂತಾರಲ್ಲ? ನುಣ್ಣಗಿರುತ್ತೆ, ಬೇಗ ಕರಗುತ್ತೆ.

ಸುಣ್ಣದಗೂಡು:
ಈ ಮಾತಿಂದ ಎಷ್ಟು ತಾಕು ಹಾಳಾಗಿದೆಯೋ. ಪೆಲೆಟ್ ಅಂದ್ರೆ ಅದೇ ಸುಣ್ಣದ ಕಲ್ಲನ್ನು ನುಣ್ಣಗೆ ಅರೆದು ಅಂಟು ಹಾಕಿ ಕಾಳು ಮಾಡಿದ್ದು, ಅಷ್ಟೇ. ನುಣ್ಣಗಿದ್ದಷ್ಟೂ ಬೇಗ ಕೆಲಸ ಮಾಡುತ್ತೆ, ನಿಜ. ಆದರೆ ಮಣ್ಣಿನ ಹುಳಿ ಮುರಿಯೋದು ಸುಣ್ಣದ ತೂಕ. ಒಂದು ಪೌಂಡ್ ಸುಣ್ಣ ಹತ್ತು ಪೌಂಡಿನ ಕೆಲಸ ಮಾಡಲ್ಲ. ಎರಡೂವರೆ ಗ್ಯಾಲನ್ ಡಬ್ಬದಲ್ಲಿ ಬರೋ ದ್ರವ ಸುಣ್ಣಕ್ಕೂ ಇದೇ ಮಾತು: ಡಬ್ಬದೊಳಗೆ ಎಷ್ಟು ಸುಣ್ಣ ಹಿಡಿಯುತ್ತೋ ಅಷ್ಟೇ ಕೆಲಸ.

ಇನ್ನೊಂದು, ಮೇಲೆ ಚೆಲ್ಲಿ ಬಿಟ್ಟ ಸುಣ್ಣ ತುಂಬಾ ನಿಧಾನ ಕೆಳಗಿಳಿಯುತ್ತೆ. ಮೊದಲ ಸಲ ಚೆಲ್ಲಿ ಐದಾರು ಇಂಚು ಆಳಕ್ಕೆ ಮಣ್ಣಲ್ಲಿ ಬೆರೆಸಿ. ಬೆರೆಸಿದ ಮೇಲೂ ಪೂರ್ತಿ ಪರಿಣಾಮಕ್ಕೆ ಆರು ತಿಂಗಳಿಂದ ಒಂದು ವರ್ಷ. ಉಳಿದ 21 ಚೀಲ ಈ ವಾರವೇ ಹಾಕಿದರೂ ಅದರ ಫಲ ಸಿಗೋದು ಮುಂದಿನ ವರ್ಷದ ಬೆಳೆಗೆ. ಅದಕ್ಕೇ ಈ ವರ್ಷ ಹುಳಿ ಮಣ್ಣು ತಡೆಯೋ ಬೆಳೆ ನೋಡಿ.

ಧಾರವಾಡದವ:
ಸುಣ್ಣ ಒಂದs ಅಲ್ರೀ, ಬೀಜಾನೂ ನಾಕ್ ಪಟ್ಟು ಹಾಕ್ಯಾರ. ಟರ್ನಿಪ್ಪು, ರೇಪು ಎಕರೆಕ್ಕ 5 ಪೌಂಡ್ ಸಾಕು. ಕಾಲ್ ಎಕರೆಕ್ಕ ಒಂದೂಕಾಲು ಪೌಂಡ್. 5 ಪೌಂಡ್ ಹಾಕಿದ್ರ ಚಾಪಿ ಹಾಸಿದಂಗ ಹುಟ್ಟದ ಇನ್ನೇನ್ ಆಕ್ಕೈತಿ? ಒಂದಕ್ಕೊಂದು ಗುದ್ದ್ಯಾಡಿ ಗಡ್ಡಿ ಕಟ್ಟಂಗಿಲ್ಲ.

ಸಣ್ಣ ಬೀಜ ಕೈಯಾಗ ಹಿಡಿದ್ರ ಹಿಡಿಕಿಗಟ್ಟಲೆ ಹೋಗ್ತಾವ. ಊರಾಗ ಎಳ್ಳು ಬಿತ್ತೂ ಮುಂದ ಉಸುಕು ಬೆರಸ್ತಾರಲ್ಲ, ಹಂಗs ಇಲ್ಲೂ ಒಣಾ ಉಸುಕು ಬೆರಸ್ರಿ. ಒಂದ್ ಬಕೆಟ್ ಉಸುಕಿಗೆ ಆ ಒಂದೂಕಾಲು ಪೌಂಡ್. ಅರ್ಧ ಉದ್ದಕ್ಕ ಎರಚ್ರಿ, ಇನ್ನರ್ಧ ಅಡ್ಡಕ್ಕ. ಮ್ಯಾಲೆ ಮಣ್ಣು ಕಾಲಿಂಚಿಗಿಂತ ಜಾಸ್ತಿ ಬೀಳಬಾರದು. ರೋಲರ್ ಹೊಡದ್ರ ಸಾಕು, ಕುಂಟಿ ಹೊಡೀಬ್ಯಾಡ್ರಿ.

ವಿಸ್ಕಾನ್ಸಿನ್_ಅಕ್ಕ:
ಹಳದಿ ಆಗಿದ್ದಕ್ಕೆ ಸಾರಜನಕದ ಕೊರತೆಯೂ ಕಾರಣ. ಕೆಳಗಿನ ಹಳೆ ಎಲೆಯಿಂದ ಹಳದಿ ಶುರುವಾಯ್ತಾ? ಆಗಿದ್ದರೆ ಅನುಮಾನವೇ ಬೇಡ. ಸಾಸಿವೆ ಜಾತಿಯವು ಮೂಲಂಗಿ, ಟರ್ನಿಪ್ ಎಲ್ಲ ಸಾರಜನಕ ತಿನ್ನೋದ್ರಲ್ಲಿ ಮೆಕ್ಕೆಜೋಳದ ತಮ್ಮಂದಿರು. ಎಕರೆಗೆ 50 ಪೌಂಡ್ ಸಾರಜನಕ ಅಂದುಕೊಂಡರೆ ಕಾಲು ಎಕರೆಗೆ 12.5 ಪೌಂಡ್, 46-0-0 (ಶೇ. 46 ಸಾರಜನಕ) ಯೂರಿಯಾ ಲೆಕ್ಕದಲ್ಲಿ ಸುಮಾರು 27 ಪೌಂಡ್. ಬಿಸಿಲಲ್ಲಿ ತೇವದ ಮಣ್ಣಿನ ಮೇಲೆ ಎರಚಿ ಬಿಟ್ಟರೆ ಅಮೋನಿಯಾ ಆಗಿ ಗಾಳಿಗೆ ಹೋಗುತ್ತೆ. ಅರ್ಧ ಇಂಚು ಮಳೆ ಬರೋ ಹಿಂದಿನ ದಿನ ಹಾಕಬೇಕು.

ಹುಳಿ ಮಣ್ಣಲ್ಲಿ ರಂಜಕವೂ ಕಬ್ಬಿಣ, ಅಲ್ಯೂಮಿನಿಯಂ ಜೊತೆ ಕಟ್ಟಿಕೊಂಡು ಬೇರಿಗೆ ಸಿಗಲ್ಲ. ಹಾಗಾಗಿ ಸುಣ್ಣ ಹಾಕದೆ ಗೊಬ್ಬರ ಸುರಿದರೆ ದುಡ್ಡು ಮಣ್ಣುಪಾಲು.

ಹೊಲದ_ಬದು:
ಹೌದು ಅಕ್ಕ, ಕೆಳಗಿನ ಎಲೆಯಿಂದಲೇ. ಗೊಬ್ಬರ ಏನೂ ಹಾಕಿರಲಿಲ್ಲ. ಹಾಗಾದರೆ ಈ ವರ್ಷಕ್ಕೆ?

ವಿಸ್ಕಾನ್ಸಿನ್_ಅಕ್ಕ:
ರೈ. ಚಳಿಗಾಲದ ರೈ, ಗೋಧಿ ಥರದ ಧಾನ್ಯ. ಪಿಎಚ್ 5.4 ಇದ್ದರೂ ಬೆಳೆಯುತ್ತೆ, ಮರಳಲ್ಲೂ ಬೆಳೆಯುತ್ತೆ. ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಮಧ್ಯದೊಳಗೆ ಎಕರೆಗೆ 100 ಪೌಂಡ್, ನಿಮಗೆ 25 ಪೌಂಡ್. ಜೊತೆಗೆ ಓಟ್ಸ್ 10 ಪೌಂಡ್ ಸೇರಿಸಿ. ಅಕ್ಟೋಬರಲ್ಲಿ ಜಿಂಕೆಗೆ ರೈಗಿಂತ ಓಟ್ಸ್ ರುಚಿ. ಜೋರು ಚಳಿ ಬಿದ್ದಾಗ ಓಟ್ಸ್ ಸಾಯುತ್ತೆ, ರೈ ಹಸಿರಾಗಿ ಹಿಮದಡಿ ಉಳಿಯುತ್ತೆ. ಮಾರ್ಚಲ್ಲಿ ಹಿಮ ಕರಗಿದ ಕೂಡಲೇ ಕಾಡಲ್ಲಿ ಬೇರೆ ಏನೂ ಇಲ್ಲದಾಗ ಮೊದಲ ಹಸಿರು ಅದೇ.

ಬಿಲ್ಲುಗಾರ:
ಅಕ್ಕ ಹೇಳಿದ್ದಕ್ಕೆ ಒಂದು ಎಚ್ಚರಿಕೆ ಸೇರಿಸ್ತೀನಿ. ಅಂಗಡಿಯಲ್ಲಿ "ರೈ ಕೊಡಿ" ಅಂದ್ರೆ ರೈಗ್ರಾಸ್ ಚೀಲ ಕೈಗೆ ಬರಬಹುದು. ಎರಡೂ ಬೇರೆ ಬೇರೆ. ರೈ ಧಾನ್ಯ, ಬೀಜ ಸಣಕಲು ಗೋಧಿಯ ಹಾಗೆ ಉದ್ದಕ್ಕೆ, ಬೂದು ಹಸಿರು ಬಣ್ಣ, ಅಂಗೈಯಲ್ಲಿ ತೂಕ ಗೊತ್ತಾಗುತ್ತೆ. ರೈಗ್ರಾಸ್ ಹುಲ್ಲಿನ ಬೀಜ, ಹೊಟ್ಟಿನ ಹಾಗೆ ಹಗುರ, ಊದಿದರೆ ಹಾರುತ್ತೆ. ಅದನ್ನು ಒಂದು ಸಲ ತಾಕಿಗೆ ಬಿಟ್ಟರೆ ಬೀಜ ಉದುರಿಸಿಕೊಂಡು ವರ್ಷಾನುಗಟ್ಟಲೆ ಕಳೆಯಾಗಿ ಕೂರುತ್ತೆ. ಚೀಲ ಬಿಚ್ಚಿ ನೋಡದೆ ದುಡ್ಡು ಕೊಡಬೇಡಿ.

ಓಕ್‌ಮರ:
ರೈ ಒಂದನ್ನೇ ನಂಬಿದರೆ ಜಿಂಕೆ ಬರುತ್ತೆ ಅನ್ನೋದು ನಂಗೆ ಒಪ್ಪಿಗೆ ಇಲ್ಲ. ಪಕ್ಕದ ಹೊಲದಲ್ಲಿ ಸೋಯಾ, ಮೆಕ್ಕೆಜೋಳ ಇದ್ರೆ ರೈ ಯಾರು ಕೇಳ್ತಾರೆ?

ವಿಸ್ಕಾನ್ಸಿನ್_ಅಕ್ಕ:
ಸೋಯಾ ಎಲೆ ಸೆಪ್ಟೆಂಬರಲ್ಲಿ ಹಣ್ಣಾಗಿ ಉದುರುತ್ತೆ, ಅಕ್ಟೋಬರಲ್ಲಿ ಕಟಾವು. ಆಮೇಲೆ ಆ ಹೊಲದಲ್ಲಿ ಹಸಿರು ಏನಿದೆ? ರೈ ಗೆಲ್ಲೋದು ಆಗ. ಮೇವಿನ ತಾಕು ಅಂದ್ರೆ ಸುತ್ತಮುತ್ತ ಇಲ್ಲದ್ದನ್ನು ಇಲ್ಲದ ಕಾಲದಲ್ಲಿ ಕೊಡೋದು. ಸುತ್ತ ಬರೀ ಮೆಕ್ಕೆಜೋಳ ಇದ್ದರೆ ಇನ್ನಷ್ಟು ಮೆಕ್ಕೆಜೋಳ ಬೆಳೆದು ಏನು ಪ್ರಯೋಜನ?

ಓಕ್‌ಮರ:
ಸರಿ, ಆ ಮಾತು ಒಪ್ಪಿದೆ. ಆದರೂ ಒಂದು ಬಿಟ್ಟಿರಿ. ಇವರ ಕಾಡಲ್ಲಿ ಓಕ್ ಇದೆ. ಬಿಳಿ ಓಕ್ ಕಾಯಿ ಉದುರೋ ಸೆಪ್ಟೆಂಬರ್, ಅಕ್ಟೋಬರಲ್ಲಿ ಜಿಂಕೆ ಎಂಥ ತಾಕನ್ನೂ ಬಿಟ್ಟು ಮರದಡಿ ಹೋಗುತ್ತೆ. ಕೆಂಪು ಓಕ್ ಕಾಯಲ್ಲಿ ಒಗರು ಜಾಸ್ತಿ, ಅದನ್ನು ಆಮೇಲೆ ತಿನ್ನುತ್ತೆ. ತಾಕು ಖಾಲಿ ಕಂಡಿತು ಅಂತ ಬೀಜಕ್ಕೆ ಬೈಯೋ ಮೊದಲು ಆ ವರ್ಷ ಓಕ್ ಕಾಯಿ ಎಷ್ಟು ಬಿದ್ದಿದೆ ನೋಡಿ. ಭಾರಿ ಕಾಯಿ ಬಿಟ್ಟ ವರ್ಷ ಅಕ್ಟೋಬರ್ ಪೂರ್ತಿ ಅಟ್ಟಣೆಯನ್ನು ಮರದ ಹತ್ತಿರ ಹಾಕೋದೇ ಸರಿ.

ಜಾರ್ಜಿಯಾ_ಅವರೆ:
ಅವರೆ ಪ್ರಶ್ನೆಗೆ ಬರ್ತೀನಿ. ಹೌದು, ಲ್ಯಾಬ್‌ಲ್ಯಾಬ್ ಅಂದ್ರೆ ನಮ್ಮ ಅವರೆಯೇ. ಜಾರ್ಜಿಯಾ, ಟೆಕ್ಸಾಸ್ ಕಡೆ ಬೇಸಿಗೆ ತಾಕಿಗೆ ಅದಕ್ಕಿಂತ ಒಳ್ಳೆಯದು ಕಡಿಮೆ. ಎಲೆಯಲ್ಲಿ ಪ್ರೋಟೀನ್ ಶೇ. 20ಕ್ಕೂ ಮೇಲೆ, ಬರ ತಡೆಯುತ್ತೆ. ಗಂಡಿಗೆ ಕೊಂಬು ಬೆಳೆಯೋದು, ತಾಯಿ ಮರಿಗೆ ಹಾಲು ಕೊಡೋದು ಎರಡೂ ಬೇಸಿಗೆಯಲ್ಲೇ, ಆಗ ಪ್ರೋಟೀನ್ ಬೇಕು.

ಇಲ್ಲಿ ಸಿಗೋದು ಹೆಚ್ಚಾಗಿ ರೊಂಗೈ ತಳಿ. ಟೆಕ್ಸಾಸ್‌ನಲ್ಲಿ ಬಿಡುಗಡೆ ಮಾಡಿದ ರಿಯೊ ವರ್ಡೆ ಅಂತ ಇನ್ನೊಂದು ಇದೆ. ರೊಂಗೈ ಹಗಲು ಚಿಕ್ಕದಾಗೋವರೆಗೂ ಹೂ ಬಿಡಲ್ಲ, ಬರೀ ಬಳ್ಳಿ, ಎಲೆ. ನಮಗೆ ಬೇಕಾದ್ದೂ ಅದೇ. ಊರಲ್ಲಿ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ಇವೆಯಲ್ಲ, ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವು, ಅವು ಹಗಲಿನ ಉದ್ದ ನೋಡದೆ ಬೇಗ ಹೂವಾಗಿ ಕಾಯಿ ಕಟ್ಟೋ ತಳಿ. ಹುಳಿ, ಹಿತಕಿದ ಬೇಳೆಗೆ ಅದು ಬಂಗಾರ, ಜಿಂಕೆ ಮೇವಿಗೆ ಎಲೆ ಸಾಲದು.

ಬಿತ್ತೋದು: ಮಣ್ಣು 65 ಡಿಗ್ರಿ ಫ್ಯಾರನ್‌ಹೀಟ್ ದಾಟಿದ ಮೇಲೆ, ಎಕರೆಗೆ 15ರಿಂದ 20 ಪೌಂಡ್, ಒಂದು ಇಂಚು ಆಳ.

ಹೊಲದ_ಬದು:
ಇಂಡಿಯನ್ ಸ್ಟೋರಿನ ಅವರೆಕಾಳು ಬಿತ್ತಿದ್ರೆ?

ಜಾರ್ಜಿಯಾ_ಅವರೆ:
ದಿನಸಿ ಕಾಳು ಯಾವ ತಳಿ, ಎಷ್ಟು ಹಳೆಯದು ಅಂತ ಗೊತ್ತಾಗಲ್ಲ. ಬಿತ್ತಲೇಬೇಕು ಅಂದ್ರೆ ಮೊದಲು 20 ಕಾಳು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಐದಾರು ದಿನ ಬಿಟ್ಟು ಎಣಿಸಿ, 16ಕ್ಕಿಂತ ಕಡಿಮೆ ಮೊಳೆತರೆ ಬೇಡ. ಊರಿಂದ ಸೂಟ್‌ಕೇಸಲ್ಲಿ ಬಿತ್ತನೆ ಬೀಜ ತರೋ ಯೋಚನೆ ಮಾತ್ರ ಮಾಡಬೇಡಿ. ಫೈಟೋಸ್ಯಾನಿಟರಿ (ಬೀಜದಲ್ಲಿ ರೋಗ, ಕೀಟ ಇಲ್ಲ ಅನ್ನೋ) ಪ್ರಮಾಣಪತ್ರ ಇಲ್ಲದೆ ಅಮೆರಿಕದೊಳಗೆ ಬಿಡಲ್ಲ, ಮುಚ್ಚಿಟ್ಟು ಸಿಕ್ಕಿಬಿದ್ದರೆ ದಂಡ.

ಆದರೆ ನಿಮಗೆ ಅವರೆಯೇ ಬೇಡ ಅಂತೀನಿ. ಎರಡು ಕಾರಣ. ಒಂದು, ನಿಮ್ಮಲ್ಲಿ ಮಣ್ಣು ಬಿಸಿಯಾಗೋದು ಜೂನ್ ಹೊತ್ತಿಗೆ, ಸೆಪ್ಟೆಂಬರ್ ಮಂಜಿಗೆ ಅವರೆ ಕಪ್ಪಾಗಿ ಸಾಯುತ್ತೆ. ಶಿಕಾರಿ ಶುರುವಾಗೋದು ಅಕ್ಟೋಬರ್ 1ಕ್ಕೆ. ಎರಡು, ಕಾಲು ಎಕರೆ ಅವರೆಗೆ ಜಿಂಕೆ ಬಾಯಿ ಹಾಕಿದರೆ ಎರಡು ವಾರದಲ್ಲಿ ದಂಟೂ ಉಳಿಯಲ್ಲ. ಎಳೇ ಸಸಿಯ ಕುಡಿ ಚಿವುಟಿದರೆ ಗಿಡ ಮೇಲೇಳೋದೇ ಕಷ್ಟ. ಮೊದಲ ಆರೇಳು ವಾರ ಎಲೆಕ್ಟ್ರಿಕ್ ಬೇಲಿ ಬೇಕೇ ಬೇಕು.

ರಾಗಿಮುದ್ದೆ:
ಸೋಯಾಗೂ ಇದೇ ಕಥೆ. ಮೂರು ಎಕರೆಗಿಂತ ಕಡಿಮೆ ಇದ್ದು, ಜಿಂಕೆ ಜಾಸ್ತಿ ಇದ್ದರೆ ಬೇಲಿ ಇಲ್ಲದೆ ಸೋಯಾ ಏಳಲ್ಲ.

ಧಾರವಾಡದವ:
ಅವರಿ, ಅಲಸಂದಿ, ಸೆಣಬು ಯಾವುದs ಹಾಕಿದ್ರೂ ರೈಜೋಬಿಯಂ (ಬೇರಿನಾಗ ಸಾರಜನಕ ಹಿಡ್ಯೂ ಸೂಕ್ಷ್ಮಾಣು) ಹಚ್ಚೂದು ಮರೀಬ್ಯಾಡ್ರಿ. ಮೂರಕ್ಕೂ ಅಲಸಂದಿ ಗುಂಪಿನ ಪುಡಿ ನಡೀತೈತಿ. ಕ್ಲೋವರ್ ಅನ್ನೂ ಮೇವಿನ ಸೊಪ್ಪಿಗೆ ಅದು ನಡ್ಯಂಗಿಲ್ಲ, ಅದರ ಪುಡಿ ಬ್ಯಾರೆ. ಊರಾಗ ಮಾಡಿದಂಗ ಬೆಲ್ಲದ ನೀರು ಮಾಡಿ ಆರಿಸಿ, ಬೀಜಕ್ಕ ಚಿಮುಕಿಸಿ, ಪುಡಿ ಕಲಸಿ, ನೆರಳಾಗ ಒಣಗಿಸಿ ಅವತ್ತs ಬಿತ್ತಬೇಕು. ಬಿಸಿಲಿಗೆ ಇಟ್ರ ಸೂಕ್ಷ್ಮಾಣು ಸಾಯ್ತಾವ.

ಹತ್ತಿತೋ ಇಲ್ಲೋ ನೋಡೂದು ಹೆಂಗ ಅಂದ್ರ, ಐದಾರು ವಾರಕ್ಕ ಒಂದ್ ಗಿಡ ಸಲಿಕಿಲೆ ಎತ್ತಿ ಬೇರು ತೊಳೀರಿ. ಬೇರಿನ ಗಂಟು ಉಗುರಿಲೆ ಸೀಳಿದ್ರ ಒಳಗ ಗುಲಾಬಿ ಬಣ್ಣ ಇದ್ರ ಕೆಲಸ ನಡದೈತಿ. ಬಿಳೀ ಇಲ್ಲಾ ಹಸರ ಇದ್ರ ಸಾರಜನಕ ಹಿಡ್ಯಾಕತ್ತಿಲ್ಲ.

ಗುಂಡ್ಲುಪೇಟೆ_ಹೈದ:
ಅಣ್ಣಂದಿರಾ, ನಮ್ಮ ಕಡೆ ಅವರೆ ಹೊಲಕ್ಕೆ ಜಿಂಕೆ, ಹಂದಿ ಬರದೇ ಇರ್ಲಿ ಅಂತ ರಾತ್ರಿಯೆಲ್ಲಾ ಅಟ್ಟಣೆ ಮೇಲೆ ಕಾಯ್ತಾರೆ. ನೀವು ಬರ್ಲಿ ಅಂತ ಬಿತ್ತಾ ಇದ್ದೀರಿ! ಇಲ್ಲೂ ಖಾಸಗಿ ಜಮೀನಲ್ಲಿ ಹಿಂಗೆ ಮಾಡಬಹುದಾ?

ಸುಣ್ಣದಗೂಡು:
ಖಂಡಿತ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಭಾರತದಲ್ಲಿ ಜಿಂಕೆ ಬೇಟೆ ಅಪರಾಧ, ಜಮೀನು ಯಾರದ್ದಾದರೂ ಸರಿ. ಜೈಲು ಆಗುತ್ತೆ. ಬೆಳೆ ಹಾನಿಗೆ ಅರಣ್ಯ ಇಲಾಖೆ ಪರಿಹಾರಕ್ಕೆ ಅರ್ಜಿ ಹಾಕಬಹುದು. ಅಮೆರಿಕದಲ್ಲಿ ವೈಟ್‌ಟೇಲ್ ಸಂಖ್ಯೆ ಹೆಚ್ಚಿ, ಅದನ್ನು ಹತೋಟಿಯಲ್ಲಿಡೋಕೆ ರಾಜ್ಯಗಳೇ ಲೈಸೆನ್ಸ್, ಟ್ಯಾಗ್ ಕೊಟ್ಟು ಶಿಕಾರಿ ನಡೆಸುತ್ತವೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಗುಂಡ್ಲುಪೇಟೆ_ಹೈದ:
ಅರ್ಥ ಆಯ್ತು ಸರ್. ಬಂಡೀಪುರದಲ್ಲಿ ಲಂಟಾನ ಕಳೆ ಕಿತ್ತು ಹುಲ್ಲು ಬರೋ ಹಾಗೆ ಮಾಡೋದೂ ಮೇವಿನ ಕೆಲಸವೇ. ಅಲ್ಲಿ ಹುಲ್ಲು ಇದ್ರೆ ನಮ್ಮ ಹೊಲಕ್ಕೆ ಬರೋದು ಕಡಿಮೆ ಆಗುತ್ತೆ ಅಂತ ಹಳ್ಳಿಯವರ ಆಸೆ.

ನೀಲಿಜೀನ್ಸ್:
ಮೇವು ಹಾಕಿ ಕರೆಸಿ ಹೊಡೆಯೋದು ಯಾವ ನ್ಯಾಯ? ಇದು ಆಮಿಷ ಒಡ್ಡಿದ ಹಾಗೇ ಅಲ್ವಾ?

ಬಿಲ್ಲುಗಾರ:
ಕಾನೂನು ಇವೆರಡನ್ನೂ ಬೇರೆ ಅಂತಲೇ ನೋಡುತ್ತೆ, ಅದಕ್ಕೆ ಕಾರಣವೂ ಇದೆ. ಮಿಶಿಗನ್ 2019ರ ಜನವರಿ 31ರಿಂದ ಲೋವರ್ ಪೆನಿನ್ಸುಲಾದಲ್ಲಿ ಜಿಂಕೆಗೆ ಆಮಿಷ ಹಾಕೋದನ್ನು ನಿಷೇಧಿಸಿತು. ಕಾರಣ ಸಿಡಬ್ಲ್ಯುಡಿ (ಕ್ರಾನಿಕ್ ವೇಸ್ಟಿಂಗ್ ಡಿಸೀಸ್) ಅನ್ನೋ, ಜಿಂಕೆ ಸೊರಗಿ ಸಾಯೋ ರೋಗ. ಮೊದಲು ಗುರುತಿಸಿದ್ದು 1967ರಲ್ಲಿ ಕೊಲೊರಾಡೊದಲ್ಲಿ, ಮಿಶಿಗನ್ನಿನ ಕಾಡುಜಿಂಕೆಯಲ್ಲಿ ಸಿಕ್ಕಿದ್ದು 2015ರಲ್ಲಿ. ಪ್ರಿಯಾನ್ (ವಿಕಾರಗೊಂಡ ಪ್ರೋಟೀನ್) ರೋಗ, ಮದ್ದಿಲ್ಲ. ಎಂಜಲು, ಮೂತ್ರ, ಸಗಣಿಯಿಂದ ಹರಡುತ್ತೆ, ಮಣ್ಣಲ್ಲೂ ವರ್ಷಗಟ್ಟಲೆ ಉಳಿಯುತ್ತೆ. ಒಂದು ರಾಶಿ ಮೆಕ್ಕೆಜೋಳಕ್ಕೆ ಹತ್ತು ಜಿಂಕೆ ಮೂತಿ ಹಾಕಿದರೆ ಏನಾಗುತ್ತೆ ಯೋಚಿಸಿ. ಬೆಳೆದು ನಿಂತ ಪೈರಲ್ಲಿ ಜಿಂಕೆ ಚದುರಿ ಮೇಯುತ್ತೆ. ಅಪಾಯ ಪೂರ್ತಿ ಹೋಗಲ್ಲ, ಕಡಿಮೆ ಇರುತ್ತೆ.

ಅದಕ್ಕೇ ಹೊಲದ_ಬದು ಅವರೇ, ಬಿತ್ತಿ ಬೆಳೆದದ್ದು ನಿಂತಲ್ಲೇ ಇರಲಿ. ಬೇರೆ ಕಡೆಯಿಂದ ಸೇಬು, ಬೀಟ್‌ರೂಟ್, ಮೆಕ್ಕೆಜೋಳ ತಂದು ತಾಕಲ್ಲಿ ಸುರಿದರೆ ಅದು ಆಮಿಷ. ಉಪ್ಪಿನ ಕಲ್ಲು, ಖನಿಜದ ಕಲ್ಲು ಇಟ್ಟರೂ ಅದೇ. ರಾಜ್ಯದಿಂದ ರಾಜ್ಯಕ್ಕೆ ನಿಯಮ ಬೇರೆ, ಪ್ರತಿ ವರ್ಷ ಆ ವರ್ಷದ ನಿಯಮ ಪುಸ್ತಕ ಓದಿ.

ವಿಸ್ಕಾನ್ಸಿನ್_ಅಕ್ಕ:
ಚಳಿಗಾಲದಲ್ಲಿ ಪಾಪ ಹಸಿದಿದೆ ಅಂತ ಏಕಾಏಕಿ ಮೆಕ್ಕೆಜೋಳ ಸುರಿಯೋದೂ ಕೆಡುಕು. ಆ ಹೊತ್ತಿಗೆ ಜಿಂಕೆಯ ಹೊಟ್ಟೆಯ ಸೂಕ್ಷ್ಮಾಣುಗಳು ಕಡ್ಡಿ, ಮೊಗ್ಗು ಅರಗಿಸೋಕೆ ಹೊಂದಿಕೊಂಡಿರುತ್ತವೆ. ಪಿಷ್ಟ ಒಮ್ಮೆಲೇ ಬಿದ್ದರೆ ಹೊಟ್ಟೆ ಹುಳಿಯಾಗಿ, ಹೊಟ್ಟೆ ತುಂಬಿದ್ದ ಜಿಂಕೆಯೇ ಸಾಯುತ್ತೆ.

ನೀಲಿಜೀನ್ಸ್:
ರೋಗದ ವಿಷಯ ಒಪ್ಪಿದೆ. ಆದರೂ ತಿನ್ನೋ ಹೊತ್ತಲ್ಲಿ ಹೊಡೆಯೋದು ಮನಸ್ಸಿಗೆ ಒಗ್ಗಲ್ಲ.

ಬಿಲ್ಲುಗಾರ:
ಅದು ನಿಮ್ಮ ಮನಸ್ಸು, ಗೌರವ ಇದೆ. ನನ್ನ ನಿಲುವು ಬೇರೆ: ತಲೆ ತಗ್ಗಿಸಿ ಮೇಯುತ್ತಾ 20 ಗಜದಲ್ಲಿ ನಿಂತ ಜಿಂಕೆಗೆ ಬಾಣ ಸರಿಯಾದ ಜಾಗಕ್ಕೆ ಬೀಳುತ್ತೆ. ಓಡೋ ಜಿಂಕೆಗೆ ಬಿಟ್ಟ ಬಾಣ ಗಾಯ ಮಾಡಿ ಕಳೆದುಹೋಗುತ್ತೆ. ನೋವು ಕಡಿಮೆ ಯಾವುದರಲ್ಲಿ ಅಂತ ನೋಡಬೇಕು.

ಹೊಲದ_ಬದು:
ಅಟ್ಟಣೆ ಪ್ರಶ್ನೆ ಹಾಗೇ ಉಳೀತು.

ಬಿಲ್ಲುಗಾರ:
ಗಾಳಿ ನೋಡಿ ಹಾಕಬೇಕು. ನಿಮ್ಮಲ್ಲಿ ಶರತ್ಕಾಲದ ಗಾಳಿ ಬಹುಪಾಲು ಪಶ್ಚಿಮ, ವಾಯವ್ಯದಿಂದ. ಹಾಗಾಗಿ ಅಟ್ಟಣೆ ತಾಕಿನ ಪೂರ್ವ ಅಥವಾ ಆಗ್ನೇಯ ಅಂಚಿಗೆ. ಜಿಂಕೆ ವಾಸನೆ ನಿಮಗೆ ಬರಬೇಕು, ನಿಮ್ಮದು ಅದಕ್ಕೆ ಹೋಗಬಾರದು. ಆದರೆ ಬಲಿತ ಗಂಡು ನೇರ ತಾಕಿಗೆ ಬರಲ್ಲ, ಗಾಳಿಯ ಕೆಳದಿಕ್ಕಿಗೆ ಸುತ್ತಿ ಬಂದು ವಾಸನೆ ನೋಡಿ ಒಳಗೆ ಕಾಲಿಡುತ್ತೆ. ಅದಕ್ಕೆ ನಿಮ್ಮ ಬೆನ್ನ ಹಿಂದೆ ಜಿಂಕೆ ಓಡಾಡದ ಜಾಗ ಇರಬೇಕು: ರಸ್ತೆ, ಕೆರೆ, ಬೋಳು ಹೊಲ.

ಇಳಿಜಾರಿದ್ದರೆ ಸಂಜೆ ತಂಪು ಗಾಳಿ ನೀರಿನ ಹಾಗೆ ಕೆಳಕ್ಕೆ ಹರಿಯುತ್ತೆ. ತಾಕು ಕೆಳಗಿದ್ದು ಅಟ್ಟಣೆ ಮೇಲಿದ್ದರೆ, ಸೂರ್ಯ ಇಳಿದ ಅರ್ಧ ಗಂಟೆಗೆ ನಿಮ್ಮ ವಾಸನೆ ಇಡೀ ತಾಕಿಗೆ ತುಂಬುತ್ತೆ. ಹವಾಮಾನ ಆ್ಯಪಲ್ಲಿ ಪಶ್ಚಿಮ ಗಾಳಿ ಅಂತ ತೋರಿಸ್ತಾ ಇದ್ದರೂ ಇದು ಆಗುತ್ತೆ. ಕೈಗೆ ಸ್ವಲ್ಪ ಟಾಲ್ಕಂ ಪುಡಿ ಇಟ್ಟುಕೊಂಡು ಅಟ್ಟಣೆ ಮೇಲಿಂದ ಸಂಜೆ ಐದು, ಆರು, ಆರೂವರೆಗೆ ಉದುರಿಸಿ ಯಾವ ಕಡೆ ಹೋಗುತ್ತೆ ನೋಡಿ. ಸೀಸನ್ನಿಗೆ ಮೊದಲೇ.

ಬಹಳ ಜನ ಎಡವೋದು ವಾಪಸ್ ಹೋಗೋವಾಗ. ಕತ್ತಲಾಗುತ್ತೆ, ತಾಕಲ್ಲಿ ಆರು ಹೆಣ್ಣು ಜಿಂಕೆ ಮೇಯ್ತಾ ಇರುತ್ತವೆ, ನೀವು ಇಳಿದರೆ ಎಲ್ಲ ಸೀನಿ ಓಡುತ್ತವೆ. ಎರಡು ಸಲ ಹಾಗಾದರೆ ಬೆಳಕಿರುವಾಗ ಆ ತಾಕಿಗೆ ಬರೋದೇ ನಿಲ್ಲಿಸುತ್ತವೆ. ಬರೋ ಹೋಗೋ ದಾರಿ ತಾಕಿನಿಂದ ಕಾಣದ ಹಾಗಿರಲಿ.

ರಾಗಿಮುದ್ದೆ:
ದಾರಿಗೆ ಮರೆ ಬೇಕಾದರೆ ಈಜಿಪ್ಶಿಯನ್ ವೀಟ್ ಹಾಕಿ. ಹೆಸರಲ್ಲಿ ಗೋಧಿ ಇದೆ, ನಿಜವಾಗಿ ಅದು ನಮ್ಮ ಜೋಳದ ಜಾತಿ, ಎಂಟು ಹತ್ತು ಅಡಿ ಏಳುತ್ತೆ. ಮೇ ಕೊನೆ ಅಥವಾ ಜೂನಲ್ಲಿ, ದಾರಿಯುದ್ದಕ್ಕೂ ಹತ್ತು ಹದಿನೈದು ಅಡಿ ಅಗಲದ ಪಟ್ಟಿ. ತೆಳ್ಳಗೆ ಬಿತ್ತಬೇಕು. ದಟ್ಟ ಬಿತ್ತಿದರೆ ದಂಟು ಸಣ್ಣಗಾಗಿ ಮೊದಲ ಗಾಳಿಗೇ ಮಲಗುತ್ತೆ. ಈ ವರ್ಷಕ್ಕೆ ತಡ ಆಯ್ತು.

ಹೊಸಬ_ಎಚ್1ಬಿ:
ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ಎಚ್1ಬಿ ಕೆಲಸದ ವೀಸಾ ಮೇಲಿರೋರು ಬಂದೂಕು ಹಿಡಿಯಬಹುದಾ?

ಸುಣ್ಣದಗೂಡು:
ಫೆಡರಲ್ ಕಾನೂನಲ್ಲಿ ನಾನ್-ಇಮಿಗ್ರಂಟ್ ವೀಸಾದವರು ಬಂದೂಕು, ತೋಟಾ ಇಟ್ಟುಕೊಳ್ಳುವಂತಿಲ್ಲ. ವಿನಾಯಿತಿಗಳಲ್ಲಿ ಒಂದು, ಅಮೆರಿಕದ ರಾಜ್ಯವೊಂದು ಕೊಟ್ಟ ಚಾಲ್ತಿಯಲ್ಲಿರೋ ಶಿಕಾರಿ ಲೈಸೆನ್ಸ್. ಲೈಸೆನ್ಸ್ ಅವಧಿ ಮುಗಿದರೆ ಆ ವಿನಾಯಿತಿಯೂ ಮುಗಿಯಿತು, ಆಮೇಲೆ ಮನೆಯಲ್ಲಿ ಬಂದೂಕು ಇದ್ದರೇ ತೊಂದರೆ. ವೀಸಾ ವಿಷಯ, ವಕೀಲರನ್ನು ಕೇಳದೆ ಮುಂದುವರಿಯಬೇಡಿ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತಡೆ ಇಲ್ಲ.

ಬಿಲ್ಲುಗಾರ:
ಕಾಂಪೌಂಡ್ (ರಾಟೆ ಇರೋ) ಬಿಲ್ಲು ಫೆಡರಲ್ ಲೆಕ್ಕದಲ್ಲಿ ಬಂದೂಕಲ್ಲ. ಆದರೆ ಲೈಸೆನ್ಸ್ ಅದಕ್ಕೂ ಬೇಕು. ಮಿಶಿಗನ್ನಿನಲ್ಲಿ 1960ರ ಜನವರಿ 1 ಅಥವಾ ಆಮೇಲೆ ಹುಟ್ಟಿದವರು ಹಂಟರ್ ಸೇಫ್ಟಿ ಕೋರ್ಸ್ ಮಾಡಬೇಕು. ಬಿಲ್ಲಿಗೆ ಅಕ್ಟೋಬರ್ 1ರಿಂದ, ಬಂದೂಕಿಗೆ ನವೆಂಬರ್ 15ರಿಂದ 30.

ಹೊಲದ_ಬದು:
ಮತ್ತೆ ತಾಕಿಗೆ. ಉಳುಮೆ ಮಾಡಬೇಡಿ ಅಂತ ಬೇರೆ ಕಡೆ ಓದಿದ್ದೆ, ಇಲ್ಲಿ ಮಣ್ಣಲ್ಲಿ ಸುಣ್ಣ ಬೆರೆಸಿ ಅಂತೀರಿ. ಯಾವುದು?

ಸುಣ್ಣದಗೂಡು:
ಎರಡೂ, ಬೇರೆ ಬೇರೆ ವರ್ಷ. ಈಗ ಒಂದು ಸಲ ಉಳಿ, ಸುಣ್ಣಕ್ಕೋಸ್ಕರ. ಆಮೇಲೆ ನೇಗಿಲು ಮುಟ್ಟಬೇಡಿ. ಮರಳು ಮಣ್ಣಲ್ಲಿ ಪ್ರತಿ ಸಲ ಉತ್ತರೆ ಇದ್ದಬದ್ದ ಸಾವಯವ ಅಂಶವೂ ತೇವವೂ ಹೋಗುತ್ತೆ, ಅಡಗಿದ್ದ ಕಳೆ ಬೀಜ ಮೇಲೆ ಬಂದು ಮೊಳೆಯುತ್ತೆ.

ಕ್ರಮ ಹೀಗಿರಲಿ. ಈ ವಾರ ಕಳೆಗೆ ಗ್ಲೈಫೋಸೇಟ್. ಶೇ. 41ರ ದ್ರಾವಣಕ್ಕೆ ಎಕರೆಗೆ 2 ಕ್ವಾರ್ಟ್ (64 ಔನ್ಸ್) ಅಂದರೆ ಕಾಲು ಎಕರೆಗೆ 16 ಔನ್ಸ್, ಲೇಬಲ್ಲಲ್ಲಿ ಬೇರೆ ಅಳತೆ ಇದ್ದರೆ ಲೇಬಲ್ಲೇ ಮಾತು. ಅಂಗಡಿಯಲ್ಲಿ "ವರ್ಷಪೂರ್ತಿ ಕಳೆ ಬಾರದು" ಅಂತ ಬರೆದ ಡಬ್ಬ ತರಬೇಡಿ. ಅದರಲ್ಲಿ ಮಣ್ಣಲ್ಲಿ ಉಳಿಯೋ ಇನ್ನೊಂದು ವಿಷ ಸೇರಿರುತ್ತೆ, ನೀವು ಬಿತ್ತಿದ್ದೂ ಏಳಲ್ಲ. ಹತ್ತು ಹದಿನಾಲ್ಕು ದಿನಕ್ಕೆ ಕಳೆ ಒಣಗುತ್ತೆ. ಆಗ ಸುಣ್ಣದ 21 ಚೀಲ ಎರಚಿ ಉತ್ತು ಬೆರೆಸಿ. ಎರಡು ಮಳೆ ಬೀಳಲಿ, ಮಣ್ಣು ಕೂರಲಿ. ಹೊಸದಾಗಿ ಉತ್ತ ಮಣ್ಣು ಬೂಟು ಇಟ್ಟರೆ ಹೂತುಹೋಗುತ್ತೆ, ಅಂಥದ್ದರಲ್ಲಿ ಬೀಜ ಆಳಕ್ಕಿಳಿದು ಸಾಯುತ್ತೆ. ಹೆಜ್ಜೆ ಗುರುತು ಅರ್ಧ ಇಂಚಿಗಿಂತ ಕಡಿಮೆ ಆಳ ಬಿದ್ದರೆ ಬಿತ್ತನೆಗೆ ಹದ.

ಓಕ್‌ಮರ:
ಆಗಸ್ಟ್ ಮೊದಲ ವಾರ ಅರ್ಧ ತಾಕಿಗೆ ಮೂಲಂಗಿ ಹಾಕಿದರೆ? ಸುಮ್ಮನೆ ಪ್ರಯೋಗಕ್ಕೆ.

ವಿಸ್ಕಾನ್ಸಿನ್_ಅಕ್ಕ:
ಹಾಕಲಿ, ಆದರೆ ನಿರೀಕ್ಷೆ ಕಡಿಮೆ ಇಟ್ಟು, ಯೂರಿಯಾ ಜೊತೆ, ಅಳತೆ ಬೀಜ. ಸಾಸಿವೆ ಜಾತಿಯನ್ನು ಒಂದೇ ಜಾಗದಲ್ಲಿ ಎರಡು ವರ್ಷಕ್ಕಿಂತ ಹೆಚ್ಚು ಹಾಕಿದರೆ ಬೇರುರೋಗ ಸೇರಿಕೊಳ್ಳುತ್ತೆ. ಇನ್ನೊಂದು, ಆ ಭಾಗದ ಜಿಂಕೆ ಟರ್ನಿಪ್ ಕಂಡೇ ಇಲ್ಲದಿದ್ದರೆ ಮೊದಲ ವರ್ಷ ಮೂಸಿ ಬಿಟ್ಟು ಹೋಗಬಹುದು. ಮಂಜು ಬಿದ್ದ ಮೇಲೆ ಎಲೆ ಸಿಹಿಯಾಗುತ್ತೆ, ಆಗ ತಿನ್ನುತ್ತವೆ.

ಮುಂದಿನ ಮಾರ್ಚಿಗೆ ಅಸಲು ಕೆಲಸ. ರೈ ಮೇಲೆಯೇ ಬಿಳಿ ಕ್ಲೋವರ್ ಎರಚಬೇಕು. ರಾತ್ರಿ ಹೆಪ್ಪುಗಟ್ಟಿ ಹಗಲು ಕರಗೋ ದಿನಗಳು ಅವು. ಬೆಳಿಗ್ಗೆ ನೋಡಿದರೆ ಮಣ್ಣು ಜೇನುಗೂಡಿನ ಹಾಗೆ ಬಿರಿದು ನಿಂತಿರುತ್ತೆ, ಬೀಜ ಆ ಬಿರುಕಿಗೆ ಬೀಳುತ್ತೆ, ಮಧ್ಯಾಹ್ನ ಮಣ್ಣು ಕೂತು ತಾನೇ ಮುಚ್ಚುತ್ತೆ. ಉಳೋದೂ ಬೇಡ, ಮುಚ್ಚೋದೂ ಬೇಡ. ಎಕರೆಗೆ 8 ಪೌಂಡ್, ನಿಮಗೆ 2 ಪೌಂಡ್. ಜೂನಲ್ಲಿ ರೈ ತೆನೆ ಬಲಿಯೋ ಮೊದಲು ಎತ್ತರಕ್ಕೆ ಕತ್ತರಿಸಿದರೆ ಕೆಳಗಿನ ಕ್ಲೋವರಿಗೆ ಬೆಳಕು.

ಧಾರವಾಡದವ:
2 ಪೌಂಡ್ ಅಂದ್ರ ಬರೇ ಬೀಜದ ತೂಕ. ಕೋಟಿಂಗ್ ಇದ್ದ ಚೀಲದಾಗ ಮೂರನೇ ಒಂದ್ ಪಾಲು ಸುಣ್ಣದ ಪುಡೀನs ಇರತೈತಿ. ಚೀಲದ ಚೀಟಿ ಓದ್ರಿ. ಶುದ್ಧತೆ ಶೇ. 65, ಮೊಳಕೆ ಶೇ. 90 ಇದ್ರ ಗುಣಿಸಿದಾಗ ಬರೂದು ಶೇ. 58.5. ಅಂದ್ರ 2 ಪೌಂಡಿಗೆ ಸುಮಾರು ಮೂರೂವರೆ ಪೌಂಡ್ ಚೀಲದ ಬೀಜ ಬೇಕು.

ರಾಗಿಮುದ್ದೆ:
ಕ್ಲೋವರಲ್ಲಿ ಹುಲ್ಲು ಬಂದ್ರೆ ಕ್ಲೆಥೋಡಿಮ್. ಅಗಲ ಎಲೆ ಕಳೆ ಬಂದ್ರೆ 2,4-ಡಿಬಿ. ದಯವಿಟ್ಟು 2,4-ಡಿ ತರಬೇಡಿ. ಒಂದು ಅಕ್ಷರದ ವ್ಯತ್ಯಾಸ, ಇಡೀ ಕ್ಲೋವರ್ ಸುರುಳಿ ಸುತ್ತಿಕೊಂಡು ಸಾಯುತ್ತೆ.

ಹೊಲದ_ಬದು:
ಎಲ್ಲರಿಗೂ ತುಂಬಾ ಉಪಕಾರ. ಹಾಗಾದರೆ ಈ ವಾರ ಕಳೆನಾಶಕ, ಆಗಸ್ಟ್ ಮೊದಲಿಗೆ 21 ಚೀಲ ಸುಣ್ಣ ಮತ್ತು ಉಳುಮೆ, ತಿಂಗಳ ಕೊನೆಗೆ ರೈ 25 ಪೌಂಡ್, ಓಟ್ಸ್ 10 ಪೌಂಡ್, ಮಾರ್ಚಿಗೆ ಕ್ಲೋವರ್. ಅಟ್ಟಣೆ ಪೂರ್ವದ ಅಂಚಿಂದ, ಟಾಲ್ಕಂ ಪುಡಿ ಉದುರಿಸಿ ನೋಡಿದ ಮೇಲೆ. ಬಿಟ್ಟಿದ್ದು ಏನಾದರೂ ಇದೆಯಾ?

ಓಕ್‌ಮರ:
ಪಂಜರ. ಎರಡು ಬೇಲಿ ಗೂಟ, ಹದಿಮೂರು ಅಡಿ ಉದ್ದದ ಜಾಲರಿಯನ್ನು ದುಂಡಗೆ ಸುತ್ತಿ ಕಟ್ಟಿದರೆ ಸುಮಾರು ನಾಲ್ಕು ಅಡಿ ಅಗಲದ ಪಂಜರ ಆಗುತ್ತೆ. ಬಿತ್ತಿದ ದಿನವೇ ತಾಕಿನ ನಡುವೆ ನಿಲ್ಲಿಸಿ. ಅಕ್ಟೋಬರಲ್ಲಿ ಒಳಗೆ ಮೊಣಕಾಲೆತ್ತರ, ಹೊರಗೆ ಎರಡು ಇಂಚು ಇದ್ದರೆ ಜಿಂಕೆ ಮೇಯ್ತಾ ಇದೆ ಅಂತ ಅರ್ಥ. ಒಳಗೂ ಹೊರಗೂ ಎರಡು ಇಂಚೇ ಇದ್ದರೆ ಸಮಸ್ಯೆ ಮಣ್ಣಲ್ಲಿದೆ.

ಹೊಲದ_ಬದು:
ಜಾಲರಿ ಎಷ್ಟು ಎತ್ತರ?

ಓಕ್‌ಮರ:
ನಾಲ್ಕು ಅಡಿ. ಕಣ್ಣು 2 ಇಂಚು ಅಗಲ, 4 ಇಂಚು ಎತ್ತರದ್ದು ತಗೊಳ್ಳಿ. ಅದಕ್ಕಿಂತ ದೊಡ್ಡ ಕಣ್ಣಿದ್ದರೆ ಮೂತಿ ತೂರಿಸಿ ಅಂಚಿನದ್ದನ್ನು ತಿಂದುಬಿಡುತ್ತೆ, ಲೆಕ್ಕ ತಪ್ಪುತ್ತೆ.